ಸಂಜೆ ನಾಲ್ಕಕ್ಕೆ ಇಳಿಯುವ ವಾಯುಭಾರ: ಮನೆಯ ಹವಾಮಾನ ಯಂತ್ರವನ್ನು ಓದುವ ಬಗೆ

ಮಾರ್ಚ್ ತಿಂಗಳಲ್ಲಿ ಸಂಜೆ ನಾಲ್ಕರ ಹೊತ್ತಿಗೆ ವಿಜಯಪುರದಲ್ಲಿ ಮನೆಯ ಹವಾಮಾನ ಯಂತ್ರದ ಪರದೆಯನ್ನು ನೋಡಿ. ಹೊರಗೆ ಬಿಸಿಲು ರಾಚುತ್ತಿರುತ್ತದೆ, ಆಕಾಶದಲ್ಲಿ ಮೋಡದ ತುಣುಕೂ ಇರುವುದಿಲ್ಲ. ಪರದೆಯಲ್ಲಿ ಮಾತ್ರ ಹನಿ ಉದುರಿಸುವ ಮೋಡದ ಚಿತ್ರ, ಅದರ ಪಕ್ಕದಲ್ಲಿ ಕೆಳಮುಖದ ಬಾಣ. ರಾತ್ರಿ ಹತ್ತರ ಹೊತ್ತಿಗೆ ಬಾಣ ಮೇಲಕ್ಕೆ ತಿರುಗಿ ಮೋಡ ಮಾಯವಾಗುತ್ತದೆ. ಮರುದಿನ ನಾಲ್ಕಕ್ಕೆ ಮತ್ತೆ ಅದೇ ಮೋಡ. ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿಯನ್ನು ಶೆಡ್ಡಿನಲ್ಲಿ ಒಣಗಲು ಹಾಕಿದವರಿಗೆ ಇದು ಹಗುರವಾದ ವಿಷಯವಲ್ಲ. ಅರ್ಧ ಒಣಗಿದ ದ್ರಾಕ್ಷಿಗೆ ಮಳೆ ತಾಗಿದರೆ ಬಣ್ಣ ಕೆಡುತ್ತದೆ, ದರ ಬೀಳುತ್ತದೆ. ದಿನವೂ ಸುಳ್ಳು ಎಚ್ಚರಿಕೆ ಕೊಡುವ ಯಂತ್ರವನ್ನು ಕೆಲವೇ ದಿನಗಳಲ್ಲಿ ಯಾರೂ ನೋಡದಂತಾಗುತ್ತಾರೆ. ನಿಜವಾಗಿ ನೋಡಬೇಕಾದ ದಿನವೂ ನೋಡುವುದಿಲ್ಲ.

ಯಂತ್ರ ಕೆಟ್ಟಿಲ್ಲ. ಅದು ಅಳೆದ ಅಂಕಿ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಆ ಅಂಕಿಗೆ ಅದು ಹಚ್ಚುವ ಅರ್ಥ ಯುರೋಪಿನ ಹವೆಗೆ ಹೊಂದುವಂಥದ್ದು. ನಮ್ಮ ಊರಿನ ಎತ್ತರ ಎಷ್ಟು, ನಾವು ಯಂತ್ರ ನೋಡುತ್ತಿರುವ ಗಂಟೆ ಯಾವುದು ಎಂಬ ಎರಡು ಸಂಗತಿಗಳನ್ನು ಸೇರಿಸಿಕೊಂಡು ಓದಿದರೆ ಅದೇ ಪರದೆ ಬಹಳ ಉಪಯೋಗಕ್ಕೆ ಬರುತ್ತದೆ. ಉಷ್ಣಾಂಶದ ಮಟ್ಟಿಗೆ ಇನ್ನೂ ಒಂದು ಸಂಗತಿ ಬೇಕು: ಸೆನ್ಸರನ್ನು ಎಲ್ಲಿ ತೂಗುಹಾಕಿದ್ದೇವೆ ಎಂಬುದು.

ಗಾಳಿಯ ಭಾರ, ಊರಿನ ಎತ್ತರ

ವಾಯುಭಾರವೆಂದರೆ ನಾವು ನಿಂತ ಜಾಗದ ಮೇಲಿರುವ ಗಾಳಿಯ ಒಟ್ಟು ಭಾರ. ಸಮುದ್ರ ಮಟ್ಟದಲ್ಲಿ ಅದರ ಸರಾಸರಿಯನ್ನು 1013.25 ಹೆಕ್ಟೋಪ್ಯಾಸ್ಕಲ್ ಎಂದು ಇಟ್ಟುಕೊಂಡಿದ್ದಾರೆ. ಹಳೆಯ ಪುಸ್ತಕಗಳಲ್ಲಿ ಬರುವ ಮಿಲಿಬಾರ್ ಕೂಡ ಇದೇ ಅಳತೆ, ಹೆಸರು ಮಾತ್ರ ಬೇರೆ. ಪರದೆಯಲ್ಲಿ 29.92ರಂಥ ಅಂಕಿ ಕಂಡರೆ ಅದು ಪಾದರಸದ ಅಂಗುಲಗಳ ಲೆಕ್ಕ, 33.86ರಿಂದ ಗುಣಿಸಿದರೆ ಹೆಕ್ಟೋಪ್ಯಾಸ್ಕಲ್ ಸಿಗುತ್ತದೆ. ಸೆಟ್ಟಿಂಗಿನಲ್ಲಿ ಒಮ್ಮೆ ಬದಲಿಸಿಬಿಟ್ಟರೆ ಈ ಗುಣಾಕಾರದ ಗೋಜೇ ಇರುವುದಿಲ್ಲ.

ಎತ್ತರಕ್ಕೆ ಹೋದಷ್ಟೂ ನಮ್ಮ ಮೇಲಿನ ಗಾಳಿ ಕಡಿಮೆಯಾಗುತ್ತದೆ, ವಾಯುಭಾರವೂ ಇಳಿಯುತ್ತದೆ. 1648ರಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ತನ್ನ ಭಾವ ಫ್ಲೋರಿನ್ ಪೆರಿಯೆಯ ಕೈಯಲ್ಲಿ ಪಾದರಸದ ನಳಿಗೆಯನ್ನು ಪ್ಯೂಯ್ ದ ಡೋಮ್ ಎಂಬ ಬೆಟ್ಟದ ತುದಿಗೆ ಕಳಿಸಿ ಇದನ್ನು ಸಾಧಿಸಿ ತೋರಿಸಿದ. ಕೆಳಗಿದ್ದಾಗಿನದಕ್ಕಿಂತ ಬೆಟ್ಟದ ಮೇಲೆ ಪಾದರಸ ಗಿಡ್ಡವಾಗಿ ನಿಂತಿತು. ನಮ್ಮ ಕಡೆ, ನಮ್ಮ ಎತ್ತರ ಮತ್ತು ಸೆಕೆಯಲ್ಲಿ, ಸುಮಾರು ಒಂಬತ್ತು ಮೀಟರಿಗಿಂತ ತುಸು ಹೆಚ್ಚು ಏರಿದರೆ ಒಂದು ಹೆಕ್ಟೋಪ್ಯಾಸ್ಕಲ್ ಇಳಿಯುತ್ತದೆ. ಮನೆಯ ಕೆಳಗಿನ ಅಂತಸ್ತಿನಿಂದ ಮೇಲಿನ ಅಂತಸ್ತಿಗೆ ಯಂತ್ರವನ್ನು ಒಯ್ದರೂ ಸುಮಾರು 0.3 ಹೆಕ್ಟೋಪ್ಯಾಸ್ಕಲ್‌ನಷ್ಟು ವ್ಯತ್ಯಾಸ ಕಾಣುತ್ತದೆ.

ಈ ಲೆಕ್ಕವನ್ನು ನಮ್ಮ ಊರುಗಳಿಗೆ ಹಚ್ಚೋಣ. ವಿಜಯಪುರ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ಸಹಜವಾದ ವಾಯುಭಾರ 943ರ ಆಸುಪಾಸು. ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲಿ 926. ಇವೆರಡಕ್ಕಿಂತ ತಗ್ಗಿನಲ್ಲಿರುವ ಬಾಗಲಕೋಟೆಯಲ್ಲಿ 950ರ ಹತ್ತಿರ. ಹೊಸದಾಗಿ ಯಂತ್ರ ತಂದವರು 943 ಎಂಬ ಅಂಕಿ ನೋಡಿ ಗಾಬರಿಯಾಗುವುದುಂಟು, ಏಕೆಂದರೆ ಸಮುದ್ರ ಮಟ್ಟದಲ್ಲಿ ಅಷ್ಟು ಕಡಿಮೆಯೆಂದರೆ ಭೀಕರ ಚಂಡಮಾರುತದ ಕಣ್ಣೊಳಗೆ ನಿಂತಂತೆ. ವಿಜಯಪುರದಲ್ಲಿ ಅದು ಏನೂ ನಡೆಯದ ಒಂದು ಸಾಮಾನ್ಯ ದಿನ.

ಹೀಗೆ ಊರಿಂದೂರಿಗೆ ಬೇರೆಯಾಗುವ ಅಂಕಿಗಳನ್ನು ಒಂದಕ್ಕೊಂದು ಹೋಲಿಸಬೇಕಾದರೆ ಎಲ್ಲವನ್ನೂ ಒಂದೇ ನೆಲೆಗೆ ತರಬೇಕು. ಆ ನೆಲೆಯೇ ಸಮುದ್ರ ಮಟ್ಟ. ಊರಿನ ಎತ್ತರದಷ್ಟು ಗಾಳಿಯ ಭಾರವನ್ನು ಲೆಕ್ಕದಲ್ಲಿ ಕೂಡಿಸಿದರೆ ಬೆಳಗಾವಿಯ 926, ವಿಜಯಪುರದ 943, ಬಾಗಲಕೋಟೆಯ 950 ಎಲ್ಲವೂ 1010ರ ಸುತ್ತಮುತ್ತ ಬಂದು ನಿಲ್ಲುತ್ತವೆ. ಪತ್ರಿಕೆಯಲ್ಲಿ, ಟಿವಿಯಲ್ಲಿ ಬರುವ ಹವಾಮಾನ ನಕ್ಷೆಯ ಅಂಕಿಗಳೆಲ್ಲ ಹೀಗೆ ಸಮುದ್ರ ಮಟ್ಟಕ್ಕೆ ಇಳಿಸಿದವು. ಹೆಚ್ಚಿನ ಯಂತ್ರಗಳು ಎರಡನ್ನೂ ತೋರಿಸುತ್ತವೆ: ಸೆನ್ಸರ್ ಅಳೆದದ್ದು ನಿಜ ವಾಯುಭಾರ, ಮತ್ತೊಂದು ಸಮುದ್ರ ಮಟ್ಟಕ್ಕೆ ತಂದದ್ದು. ಪರದೆಯಲ್ಲಿ ಈಗ ಇರುವುದು ಯಾವುದು ಎಂದು ಮೊದಲು ಖಚಿತ ಮಾಡಿಕೊಳ್ಳಬೇಕು. ಎತ್ತರ ಎಷ್ಟೆಂದು ನಾವು ಹೇಳದೆ ಬಿಟ್ಟರೆ ಎರಡೂ ಒಂದೇ ಅಂಕಿಯನ್ನು ತೋರಿಸುತ್ತವೆ. ಆಗ ಯಂತ್ರ ವರ್ಷವಿಡೀ ಬಿರುಗಾಳಿಯ ಚಿತ್ರ ಹಾಕಿಕೊಂಡು ಕೂರುವುದೂ ಉಂಟು.

ಎತ್ತರವನ್ನು ತಿಳಿಯುವುದು

ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ ಎತ್ತರ ನಮ್ಮ ಭಾಗದವರಿಗೆ ಹೊಸದೇನಲ್ಲ. ಆಲಮಟ್ಟಿ ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್ ಎಂಬುದು ಮಳೆಗಾಲದಲ್ಲಿ ಮಕ್ಕಳ ಬಾಯಲ್ಲೂ ಇರುತ್ತದೆ. ಅದು ನೀರಿನ ಆಳವಲ್ಲ, ಸಮುದ್ರ ಮಟ್ಟದಿಂದ ನೀರಿನ ಮೇಲ್ಮೈಗಿರುವ ಎತ್ತರ. ಜಲಾಶಯದ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಯಾವ ಓಣಿ ಮುಳುಗಬೇಕು, ಯಾವುದು ಉಳಿಯಬೇಕು ಎಂಬುದೆಲ್ಲ ಇಂಥ ಅಂಕಿಗಳ ಮೇಲೆಯೇ ನಿಂತಿತ್ತು. ನಿಮ್ಮ ಯಂತ್ರಕ್ಕೆ ಬೇಕಾದದ್ದೂ ಇಂಥದ್ದೇ ಒಂದು ಅಂಕಿ: ಅದನ್ನು ಇಟ್ಟ ಗೋಡೆ ಸಮುದ್ರ ಮಟ್ಟದಿಂದ ಎಷ್ಟು ಮೇಲಿದೆ ಎಂಬುದು.

ಇದನ್ನು ತಿಳಿಯಲು ಮೊಬೈಲಿನ ಜಿಪಿಎಸ್ ಎತ್ತರವನ್ನು ಕಣ್ಣುಮುಚ್ಚಿ ನಂಬಬೇಡಿ. ಉಪಗ್ರಹಗಳು ಮೊದಲು ಲೆಕ್ಕ ಹಾಕುವುದು ಭೂಮಿಯ ಒಂದು ಗಣಿತದ ಆಕಾರದಿಂದ. ದಕ್ಷಿಣ ಭಾರತದಲ್ಲಿ ನಿಜವಾದ ಸಮುದ್ರ ಮಟ್ಟ ಆ ಆಕಾರಕ್ಕಿಂತ ಐವತ್ತು ಮೀಟರಿಗೂ ಹೆಚ್ಚು ಕೆಳಗಿದೆ. ಕೆಲವು ಆ್ಯಪ್‌ಗಳು ಈ ವ್ಯತ್ಯಾಸವನ್ನು ತಿದ್ದಿ ತೋರಿಸುತ್ತವೆ, ಕೆಲವು ತಿದ್ದುವುದಿಲ್ಲ. ತಿದ್ದದ ಆ್ಯಪ್ ಹಿಡಿದು ಬಾಗಲಕೋಟೆಯ ನವನಗರದ ಮನೆಯಲ್ಲಿ ನಿಂತರೆ ನೀವು ಆಲಮಟ್ಟಿಯ ನೀರಿಗಿಂತ ಕೆಳಗಿದ್ದೀರಿ ಎಂದೇ ಅದು ಹೇಳೀತು. ಆ ಅಂಕಿಯನ್ನು ಯಂತ್ರಕ್ಕೆ ಕೊಟ್ಟರೆ ವಾಯುಭಾರದಲ್ಲಿ ಐದಕ್ಕೂ ಹೆಚ್ಚು ಹೆಕ್ಟೋಪ್ಯಾಸ್ಕಲ್ ತಪ್ಪಾಗುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ರೈಲು ನಿಲ್ದಾಣದಲ್ಲಿದೆ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಊರಿನ ಹೆಸರು ಬರೆದ ಹಳದಿ ಫಲಕದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಆ ನಿಲ್ದಾಣ ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಮೇಲಿದೆ ಎಂದು ಬರೆದಿರುತ್ತದೆ. ಈಗಿನ ಎಷ್ಟೋ ಮೊಬೈಲ್‌ಗಳಲ್ಲಿ ವಾಯುಭಾರದ ಸೆನ್ಸರ್ ಇರುತ್ತದೆ. ಅದರ ಅಂಕಿಯನ್ನು ತೋರಿಸುವ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ಮನೆಯಲ್ಲಿ ಒಮ್ಮೆ ವಾಯುಭಾರ ಬರೆದುಕೊಳ್ಳಿ, ನಿಲ್ದಾಣದ ಫಲಕದ ಬಳಿ ಬರೆದುಕೊಳ್ಳಿ, ತಿರುಗಿ ಮನೆಗೆ ಬಂದು ಇನ್ನೊಮ್ಮೆ ಬರೆದುಕೊಳ್ಳಿ. ಮನೆಯ ಎರಡು ಅಂಕಿಗಳ ಸರಾಸರಿಗೂ ನಿಲ್ದಾಣದ ಅಂಕಿಗೂ ಇರುವ ವ್ಯತ್ಯಾಸವನ್ನು ಒಂಬತ್ತೂಕಾಲರಿಂದ ಗುಣಿಸಿದರೆ ನಿಲ್ದಾಣಕ್ಕೂ ಮನೆಗೂ ಎತ್ತರದಲ್ಲಿ ಎಷ್ಟು ಮೀಟರಿನ ಅಂತರ ಎಂಬುದು ಸಿಗುತ್ತದೆ. ಮನೆಯ ವಾಯುಭಾರ ಹೆಚ್ಚಿದ್ದರೆ ಮನೆ ನಿಲ್ದಾಣಕ್ಕಿಂತ ತಗ್ಗಿನಲ್ಲಿದೆ. ಮನೆಯಲ್ಲಿ ಎರಡು ಸಲ ಅಳೆಯುವುದು ಏಕೆಂದರೆ, ನೀವು ಹೋಗಿ ಬರುವಷ್ಟರಲ್ಲಿ ಊರಿನ ವಾಯುಭಾರವೇ ಬದಲಾಗಿರುತ್ತದೆ. ಸರಾಸರಿ ತೆಗೆದರೆ ಆ ಬದಲಾವಣೆ ಹೆಚ್ಚುಕಡಿಮೆ ವಜಾ ಆಗುತ್ತದೆ.

ಮನೆಯ ಯಂತ್ರಗಳಲ್ಲಿ, ಕೈಯಾರೆ ಕಟ್ಟಿಕೊಳ್ಳುವ ಕಿಟ್‌ಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಬಿಎಂಇ280 ಎಂಬ ಸೆನ್ಸರ್ ಒಂದು ಹೆಕ್ಟೋಪ್ಯಾಸ್ಕಲ್ ಆಚೀಚೆ ತೋರಿಸಬಹುದು ಎಂದು ಅದರ ತಯಾರಕರೇ ಹೇಳುತ್ತಾರೆ. ಏರಿಳಿತವನ್ನು ಹಿಡಿಯುವುದರಲ್ಲಿ ಅದು ಇದಕ್ಕಿಂತ ಎಷ್ಟೋ ಚುರುಕು. ಒಂದು ಮೀಟರ್ ಎತ್ತರದ ಬದಲಾವಣೆಯೂ ಅದಕ್ಕೆ ಗೊತ್ತಾಗುತ್ತದೆ. ಆದ್ದರಿಂದ ಅಂಕಿಗಿಂತ ಅದರ ಏರಿಳಿತವನ್ನು ನಂಬುವುದು ಒಳ್ಳೆಯದು. ಇನ್ನೊಂದು ಮಾತು: ವಾಯುಭಾರದ ಸೆನ್ಸರನ್ನು ಮನೆಯ ಒಳಗೇ ಇಡಬಹುದು. ಕಿಟಕಿ ಬಾಗಿಲುಗಳ ಸಂದಿಯಿಂದ ಒಳಗಿನ ಮತ್ತು ಹೊರಗಿನ ಒತ್ತಡ ಕ್ಷಣಮಾತ್ರದಲ್ಲಿ ಸಮವಾಗುತ್ತದೆ.

ದಿನಕ್ಕೆರಡು ಸಲ ಏರಿಳಿಯುವ ಗಾಳಿ

ಎತ್ತರವನ್ನು ಸರಿಪಡಿಸಿದ ಮೇಲೂ ಸಂಜೆಯ ಸುಳ್ಳು ಮೋಡ ಹೋಗುವುದಿಲ್ಲ. ಇಡೀ ವಿಷಯದ ತಿರುಳು ಇಲ್ಲಿದೆ. ನಮ್ಮ ಭಾಗದಲ್ಲಿ ವಾಯುಭಾರ ಪ್ರತಿದಿನ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ತುತ್ತತುದಿ, ಸಂಜೆ ನಾಲ್ಕು ದಾಟುತ್ತಿದ್ದಂತೆ ತಳ, ರಾತ್ರಿ ಹತ್ತಕ್ಕೆ ಮತ್ತೊಂದು ತುದಿ, ನಸುಕಿನ ನಾಲ್ಕಕ್ಕೆ ಮತ್ತೊಂದು ತಳ. ಈ ಗಂಟೆಗಳು ಸೂರ್ಯನ ಲೆಕ್ಕದವು. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಮೇಲೆ, ವಿಜಯಪುರ ಇರುವುದು ಅದಕ್ಕಿಂತ ಪಶ್ಚಿಮಕ್ಕೆ. ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಹನ್ನೆರಡೂವರೆ ಹತ್ತಿರ. ಹಾಗಾಗಿ ಏರಿಳಿತವೂ ಸುಮಾರು ಅರ್ಧ ಗಂಟೆ ಮುಂದಕ್ಕೆ ಸರಿಯುತ್ತದೆ.

ಸಮುದ್ರದ ಉಬ್ಬರವಿಳಿತಕ್ಕೆ ಚಂದ್ರನ ಸೆಳೆತ ಮುಖ್ಯ ಕಾರಣವಾದರೆ, ಗಾಳಿಯ ಈ ಉಬ್ಬರವಿಳಿತಕ್ಕೆ ಸೂರ್ಯನ ಶಾಖ ಕಾರಣ. ಬಹಳ ಎತ್ತರದಲ್ಲಿರುವ ಓಝೋನ್ ಪದರ, ಕೆಳಗಿನ ಗಾಳಿಯಲ್ಲಿರುವ ನೀರಾವಿ ಇವೆರಡೂ ಬಿಸಿಲನ್ನು ಹೀರಿ ಬಿಸಿಯಾಗುತ್ತವೆ. ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಸಾಗಿದಂತೆ ಈ ಬಿಸಿಯಾಗುವಿಕೆಯೂ ಭೂಮಿಯ ಸುತ್ತ ಸಾಗುತ್ತದೆ, ಅದರ ಜೊತೆಗೆ ಇಡೀ ವಾಯುಮಂಡಲದಲ್ಲಿ ಒಂದು ಅಲೆ ಏಳುತ್ತದೆ. ಹನ್ನೆರಡು ಗಂಟೆಗೊಮ್ಮೆ ಮರುಕಳಿಸುವ ಅಲೆಯೇ ನೆಲದ ಮೇಲೆ ನಮಗೆ ಬಲವಾಗಿ ಕಾಣುವುದು. ಉಷ್ಣವಲಯದಲ್ಲಿ ಅದು ದೊಡ್ಡದು, ಧ್ರುವಗಳ ಕಡೆಗೆ ಹೋದಂತೆ ಸಣ್ಣದಾಗುತ್ತದೆ. ಎರಡು ಶತಮಾನಗಳ ಹಿಂದೆ ದಕ್ಷಿಣ ಅಮೆರಿಕದಲ್ಲಿ ಸುತ್ತಾಡಿದ ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಈ ಏರಿಳಿತದ ಕ್ರಮಬದ್ಧತೆಗೆ ಬೆರಗಾಗಿ, ಅಲ್ಲಿ ವಾಯುಭಾರಮಾಪಕವನ್ನು ನೋಡಿಯೇ ಗಂಟೆ ಹೇಳಬಹುದು ಎಂದು ಬರೆದಿದ್ದ.

ಈ ಏರಿಳಿತ ಎಷ್ಟು ದೊಡ್ಡದು ಎಂಬುದನ್ನು ವಿಜಯಪುರದಲ್ಲಿ ಕಣ್ಣಾರೆ ಕಾಣಬಹುದು. ಗೋಳಗುಮ್ಮಟದ ಮೂಲೆಯ ಏಳಂತಸ್ತಿನ ಮಿನಾರಿನ ಒಳಗಿನ ಕಡಿದಾದ ಮೆಟ್ಟಿಲುಗಳನ್ನು ಹತ್ತಿ, ಪಿಸುಮಾತು ಪ್ರತಿಧ್ವನಿಸುವ ಮೊಗಸಾಲೆಗೆ ಹೋಗುವಾಗ ಮೊಬೈಲಿನ ವಾಯುಭಾರದ ಆ್ಯಪ್ ತೆರೆದಿಟ್ಟುಕೊಳ್ಳಿ. ಒಂದೊಂದು ಅಂತಸ್ತು ಏರಿದಾಗಲೂ ಅಂಕಿ ತುಸು ತುಸು ಇಳಿಯುತ್ತದೆ. ನೆಲದಿಂದ ಮೂವತ್ತು ಮೀಟರಿಗೂ ಮೇಲಿರುವ ಮೊಗಸಾಲೆಯನ್ನು ಮುಟ್ಟುವಷ್ಟರಲ್ಲಿ ಒಟ್ಟು ಸುಮಾರು ಮೂರೂವರೆ ಹೆಕ್ಟೋಪ್ಯಾಸ್ಕಲ್ ಇಳಿದಿರುತ್ತದೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ನಿಮ್ಮ ಮನೆಯ ಗೋಡೆಯ ಮೇಲೆ ಕದಲದೆ ಕುಳಿತ ಯಂತ್ರದಲ್ಲಿ ಇಳಿಯುವುದೂ ಹೆಚ್ಚುಕಡಿಮೆ ಅಷ್ಟೇ: ಮೂರರಿಂದ ನಾಲ್ಕು. ಲಂಡನ್ನಿನಂಥ ಊರಿನಲ್ಲಿ ಇದೇ ದೈನಂದಿನ ಅಲೆ ಒಂದು ಹೆಕ್ಟೋಪ್ಯಾಸ್ಕಲ್ ಕೂಡ ಇರುವುದಿಲ್ಲ. ಅಲ್ಲಿ ಮಳೆ ತರುವ ವ್ಯವಸ್ಥೆಗಳು ಹತ್ತು ಇಪ್ಪತ್ತು ಹೆಕ್ಟೋಪ್ಯಾಸ್ಕಲ್ ಇಳಿಸುತ್ತ ಬರುತ್ತವೆ, ಆ ಗದ್ದಲದಲ್ಲಿ ಈ ಸಣ್ಣ ಅಲೆ ಮುಚ್ಚಿಹೋಗುತ್ತದೆ.

ಈಗ ಸುಳ್ಳು ಮೋಡದ ಮೂಲ ಸಿಕ್ಕಂತಾಯಿತು. ಎಷ್ಟೋ ಯಂತ್ರಗಳು ಮುನ್ಸೂಚನೆ ಹೇಳುವುದು ಹಿಂದಿನ ಕೆಲವು ಗಂಟೆಗಳಲ್ಲಿ ವಾಯುಭಾರ ಏರಿತೋ ಇಳಿಯಿತೋ ಎಂಬ ಒಂದೇ ಆಧಾರದ ಮೇಲೆ. ಸ್ವಂತ ಯಂತ್ರ ಕಟ್ಟುವವರಲ್ಲಿ ಪ್ರಿಯವಾದ ಜಾಂಬ್ರೆಟ್ಟಿ ಸೂತ್ರವನ್ನು 1915ರ ಸುಮಾರಿಗೆ ಹೊರತಂದದ್ದು ನೆಗ್ರೆಟ್ಟಿ ಮತ್ತು ಜಾಂಬ್ರಾ ಎಂಬ ಲಂಡನ್ನಿನ ಉಪಕರಣ ತಯಾರಕರು. ಬ್ರಿಟನ್ನಿನ ಗಾಳಿ, ಬ್ರಿಟನ್ನಿನ ಮಳೆಯನ್ನು ನೋಡಿ ಮಾಡಿದ ಸೂತ್ರ ಅದು. ಮೂರು ಗಂಟೆಯಲ್ಲಿ ಎರಡು ಹೆಕ್ಟೋಪ್ಯಾಸ್ಕಲ್ ಇಳಿದರೆ ಅಲ್ಲಿ ಎಚ್ಚರ ವಹಿಸಬೇಕು. ಇಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಅಷ್ಟು ಇಳಿಯುವುದು ದಿನನಿತ್ಯದ ಸಂಗತಿ. ನಮ್ಮ ಊರುಗಳಲ್ಲಿ ಆ ಚಿತ್ರಗಳನ್ನು ನೋಡುವುದನ್ನೇ ಬಿಟ್ಟು ಅಂಕಿಯನ್ನು ನೋಡುವುದು ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನೂ ಒಂದು ತೊಡಕಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಸಮುದ್ರ ಮಟ್ಟಕ್ಕೆ ಇಳಿಸುವಾಗ ಊರಿನ ಕೆಳಗೆ ಇಲ್ಲದ ಗಾಳಿಯ ಕಂಬವೊಂದನ್ನು ಕಲ್ಪಿಸಿ ಅದರ ಭಾರವನ್ನು ಕೂಡಿಸುತ್ತೇವಲ್ಲ, ಆ ಗಾಳಿ ಬಿಸಿಯಾಗಿದ್ದರೆ ಹಗುರ, ತಣ್ಣಗಿದ್ದರೆ ಭಾರ. ಕೆಲವು ಯಂತ್ರಗಳು ಮತ್ತು ಸಾಫ್ಟ್‌ವೇರ್‌ಗಳು ಆ ಕ್ಷಣದ ಹೊರಗಿನ ಉಷ್ಣಾಂಶವನ್ನೇ ಹಿಡಿದು ಈ ಲೆಕ್ಕ ಮಾಡುತ್ತವೆ. ನಸುಕಿನಲ್ಲಿ 22 ಡಿಗ್ರಿ, ಮಧ್ಯಾಹ್ನ 40 ಡಿಗ್ರಿ ಇರುವ ದಿನ ವಿಜಯಪುರದ ಎತ್ತರದಲ್ಲಿ ಈ ಒಂದೇ ಕಾರಣಕ್ಕೆ ಸುಮಾರು ನಾಲ್ಕು ಹೆಕ್ಟೋಪ್ಯಾಸ್ಕಲ್ ಇಳಿದಂತೆ ತೋರುತ್ತದೆ. ನಿಜವಾದ ಮೂರು ನಾಲ್ಕರ ಜೊತೆಗೆ ಕಾಗದದ ಮೇಲಿನ ನಾಲ್ಕು ಸೇರಿ ಎಂಟರ ಹತ್ತಿರ ಹೋದರೆ ಯಂತ್ರ ಚಂಡಮಾರುತವನ್ನೇ ಘೋಷಿಸಬಹುದು. ಬೆಳಗಾವಿ ಇನ್ನೂ ಎತ್ತರವಾದ್ದರಿಂದ ಅಲ್ಲಿ ಉಷ್ಣಾಂಶ ಇಷ್ಟೇ ಏರಿಳಿದರೆ ಈ ತಪ್ಪು ಇನ್ನೂ ದೊಡ್ಡದಾಗುತ್ತದೆ. ನಿಜ ವಾಯುಭಾರಕ್ಕೆ ಯಾವಾಗಲೂ ಒಂದೇ ಅಂಕಿಯನ್ನು ಕೂಡಿಸುವ ಸೌಲಭ್ಯ ಯಂತ್ರದಲ್ಲಿದ್ದರೆ ಅದನ್ನೇ ಆರಿಸಿಕೊಳ್ಳಿ. ಇಲ್ಲದಿದ್ದರೆ ಹೋಲಿಕೆಗೆಲ್ಲ ನಿಜ ವಾಯುಭಾರವನ್ನೇ ಬಳಸಿ.

ಹಾಗಾದರೆ ಇಳಿಕೆಯನ್ನು ಗುರುತಿಸುವುದು ಹೇಗೆ? ಇಂದಿನ ನಾಲ್ಕು ಗಂಟೆಯನ್ನು ನಿನ್ನೆಯ ನಾಲ್ಕು ಗಂಟೆಯ ಜೊತೆ ಹೋಲಿಸಬೇಕು. ದಿನದ ಅಲೆ ಎರಡರಲ್ಲೂ ಒಂದೇ ಇರುವುದರಿಂದ ಕಳೆದಾಗ ಹೊರಟುಹೋಗುತ್ತದೆ. ಉಳಿಯುವುದೇ ಹವೆಯ ನಿಜವಾದ ಬದಲಾವಣೆ. ಭಾರತದ ಹವಾಮಾನ ತಜ್ಞರು ಮೊದಲಿನಿಂದಲೂ 24 ಗಂಟೆಗಳ ಬದಲಾವಣೆಯ ನಕ್ಷೆಯನ್ನು ಬಳಸುತ್ತ ಬಂದಿರುವುದು ಇದೇ ಕಾರಣಕ್ಕೆ. ನಿನ್ನೆಗಿಂತ ಅರ್ಧ ಹೆಕ್ಟೋಪ್ಯಾಸ್ಕಲ್ ಆಚೀಚೆಯಾದರೆ ಅದಕ್ಕೆ ಅರ್ಥವಿಲ್ಲ. ಎರಡಕ್ಕಿಂತ ಹೆಚ್ಚು ಇಳಿದು ಮರುದಿನವೂ ಇಳಿಯುತ್ತಿದ್ದರೆ ಬಂಗಾಳ ಕೊಲ್ಲಿಯಲ್ಲೋ ಅರಬ್ಬಿ ಸಮುದ್ರದಲ್ಲೋ ಏನಾದರೂ ಎದ್ದಿದೆಯೇ ಎಂದು ಹವಾಮಾನ ಇಲಾಖೆಯ ಪ್ರಕಟಣೆಯನ್ನು ನೋಡಲೇಬೇಕು. ಸಂಜೆ ನಾಲ್ಕರ ನಂತರ ರೂಢಿಯಂತೆ ಏರಬೇಕಾದ ವಾಯುಭಾರ ರಾತ್ರಿ ಹತ್ತಾದರೂ ಏರದೆ ಮಲಗಿದ್ದರೆ ಅದೂ ಇಂಥದ್ದೇ ಸುಳಿವು.

ಋತುವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಡಿಸೆಂಬರ್, ಜನವರಿಯಲ್ಲಿ ವಾಯುಭಾರ ವರ್ಷದಲ್ಲೇ ಹೆಚ್ಚು. ವಾಯವ್ಯ ಭಾರತದ ಕಾದ ನೆಲದ ಮೇಲೆ ಕಡಿಮೆ ಒತ್ತಡದ ಪ್ರದೇಶ ನೆಲೆಯೂರಿ ಮುಂಗಾರನ್ನು ಎಳೆದುಕೊಳ್ಳುವ ಜೂನ್, ಜುಲೈಯಲ್ಲಿ ಎಲ್ಲಕ್ಕಿಂತ ಕಡಿಮೆ. ಎರಡರ ನಡುವೆ ಸುಮಾರು ಎಂಟು ಹತ್ತು ಹೆಕ್ಟೋಪ್ಯಾಸ್ಕಲ್ ಅಂತರವಿರುತ್ತದೆ. ಜುಲೈಯ ಅಂಕಿಯನ್ನು ಜುಲೈಯ ಅಂಕಿಗಳೊಂದಿಗೇ ಹೋಲಿಸಬೇಕು.

ಬಿಸಿಲಿನ ಉಷ್ಣಾಂಶ ಎಂಬುದಿಲ್ಲ

ಉಷ್ಣಾಂಶ ಓದುವುದು ಸುಲಭ, ಅಳೆಯುವುದು ಕಷ್ಟ. ವಿಜಯಪುರದಲ್ಲಿ 42 ಡಿಗ್ರಿ ಬಿಸಿಲು ಎಂದು ಪತ್ರಿಕೆಯಲ್ಲಿ ಬಂದಾಗ ಅದು ನೆರಳಿನಲ್ಲಿರುವ ಗಾಳಿಯ ಉಷ್ಣಾಂಶ. ಬಿಸಿಲಿನಲ್ಲಿಟ್ಟ ಉಷ್ಣಮಾಪಕ ಬಿಸಿಲನ್ನು ಹೀರಿ ತಾನೇ ಕಾಯುತ್ತದೆ, ತನ್ನ ಮೈಯ ಬಿಸಿಯನ್ನೇ ತೋರಿಸುತ್ತದೆ. ಕಪ್ಪು ಕವಚದ್ದು ಒಂದು ಅಂಕಿ ಹೇಳಿದರೆ ಬಿಳಿಯದು ಇನ್ನೊಂದು ಹೇಳುತ್ತದೆ. ಇದನ್ನು ತಪ್ಪಿಸಲು 1860ರ ದಶಕದಲ್ಲಿ ಸ್ಕಾಟ್‌ಲೆಂಡಿನ ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ನಾಲ್ಕೂ ಕಡೆ ಪಟ್ಟಿಗಳನ್ನು ಓರೆಯಾಗಿ ಜೋಡಿಸಿದ ಬಿಳಿಯ ಮರದ ಪೆಟ್ಟಿಗೆಯೊಂದನ್ನು ರೂಪಿಸಿದ. ಗಾಳಿ ಆಡುತ್ತದೆ, ಬಿಸಿಲು ಮತ್ತು ಮಳೆ ಒಳಗೆ ಬರುವುದಿಲ್ಲ. ಎಷ್ಟೋ ಹವಾಮಾನ ಕೇಂದ್ರಗಳಲ್ಲಿ ಇಂದಿಗೂ ಅದೇ ಪೆಟ್ಟಿಗೆಯಿದೆ. ನಮ್ಮಲ್ಲಿ ಅದರ ಬಾಗಿಲು ಉತ್ತರಕ್ಕೆ ತೆರೆದುಕೊಳ್ಳುತ್ತದೆ, ನೋಡಲು ತೆಗೆದಾಗ ಬಿಸಿಲು ಬೀಳದಿರಲಿ ಎಂದು. ವಿಶ್ವ ಹವಾಮಾನ ಸಂಸ್ಥೆಯ ನಿಯಮದಂತೆ ಸೆನ್ಸರ್ ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿರಬೇಕು.

ಮನೆಯ ಯಂತ್ರಗಳ ಜೊತೆ ಬರುವ, ಒಂದರ ಮೇಲೊಂದು ಬಿಳಿ ತಟ್ಟೆ ಬೋರಲು ಹಾಕಿದಂತಿರುವ ಕವಚ ಆ ಪೆಟ್ಟಿಗೆಯದೇ ಸಣ್ಣ ರೂಪ. ಇಲ್ಲದವರು ಹೂಕುಂಡದ ಕೆಳಗಿಡುವ ಬಿಳಿ ಪ್ಲಾಸ್ಟಿಕ್ ತಟ್ಟೆಗಳಿಂದ ಅದನ್ನು ಮಾಡಿಕೊಳ್ಳಬಹುದು. ಏಳೆಂಟು ತಟ್ಟೆಗಳನ್ನು ಬೋರಲಾಗಿಸಿ, ಮೇಲಿನ ಒಂದೆರಡನ್ನು ಬಿಟ್ಟು ಉಳಿದವುಗಳ ನಡುವೆ ಸೆನ್ಸರ್ ಹಿಡಿಯುವಷ್ಟು ರಂಧ್ರ ಕೊರೆದು, ತಟ್ಟೆ ತಟ್ಟೆಯ ನಡುವೆ ಹೆಬ್ಬೆರಳಿನಗಲ ಸಂದಿ ಉಳಿಯುವಂತೆ ಉದ್ದನೆಯ ಬೋಲ್ಟು ಮತ್ತು ನಟ್ಟುಗಳಿಂದ ಬಿಗಿಯಬೇಕು. ಮೇಲಿನ ತಟ್ಟೆಗಳಿಗೆ ತೂತು ಹಾಕಿದರೆ ಮಳೆ ನೇರ ಸೆನ್ಸರಿನ ಮೇಲೆ ಬೀಳುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯುವುದು ಒಳ್ಳೆಯದು. ನಮ್ಮ ಎರೆಮಣ್ಣಿನ ದೂಳು ಕುಳಿತು ಬಿಳುಪು ಹೋದರೆ ಕವಚವೇ ಕಾಯತೊಡಗುತ್ತದೆ, ಜೇಡ ಬಲೆ ಕಟ್ಟಿದರೆ ಗಾಳಿ ಆಡುವುದಿಲ್ಲ.

ಎಲ್ಲಿ ಇಡಬೇಕು ಎಂಬುದರಲ್ಲಿ ಸೆನ್ಸರಿನ ಬೆಲೆಗಿಂತ ಹೆಚ್ಚಿನ ವ್ಯತ್ಯಾಸವಿದೆ. ಹೊಲದಲ್ಲೋ ಹಿತ್ತಲಿನಲ್ಲೋ, ಗೋಡೆಯಿಂದ ದೂರ, ಮಣ್ಣು ಅಥವಾ ಹುಲ್ಲಿನ ಮೇಲೆ ನೆಟ್ಟ ಕಂಬವೇ ಉತ್ತಮ. ಶಹಾಬಾದ್ ಕಲ್ಲು ಹಾಸಿದ ಅಂಗಳ, ತಗಡಿನ ಶೆಡ್ಡಿನ ಅಂಚು, ಎಸಿಯ ಹೊರಘಟಕದ ಪಕ್ಕ, ಕಪ್ಪು ನೀರಿನ ಟ್ಯಾಂಕಿನ ಮಗ್ಗುಲು ಇವೆಲ್ಲ ಬೇಡ. ಪೇಟೆಯ ಮನೆಗಳಲ್ಲಿ ತಾರಸಿಯ ಹೊರತು ಬೇರೆ ಜಾಗವೇ ಇರುವುದಿಲ್ಲ. ಆಗ ತಾರಸಿಯ ಮೇಲೆ ಕಂಬ ನೆಟ್ಟು ಎರಡು ಮೀಟರಿನಷ್ಟು ಎತ್ತರಿಸಿ, ಮತ್ತು ಹಗಲಿಡೀ ಕಾದ ಕಾಂಕ್ರೀಟು ರಾತ್ರಿ ಬಹಳ ಹೊತ್ತಿನವರೆಗೆ ಶಾಖ ಬಿಡುವುದರಿಂದ ಕನಿಷ್ಠ ಉಷ್ಣಾಂಶ ನಿಜಕ್ಕಿಂತ ಹೆಚ್ಚು ಬರುತ್ತದೆ ಎಂಬುದನ್ನು ನೆನಪಿಡಿ.

ನಿಮ್ಮ ಅಂಕಿ ಅಧಿಕೃತ ಅಂಕಿಗಿಂತ ಬೇರೆ ಬಂದರೆ ತಪ್ಪು ಸೆನ್ಸರಿನದೋ ಜಾಗದ್ದೋ ಎಂದು ಕಂಡುಹಿಡಿಯಲು ಒಂದು ಸರಳ ಉಪಾಯವಿದೆ. ಮೋಡ ಮುಚ್ಚಿ ಗಾಳಿ ಬೀಸುವ ಜುಲೈ ತಿಂಗಳ ಒಂದು ದಿನ ಹತ್ತಿರದ ಕೇಂದ್ರದ ಅಂಕಿಯ ಜೊತೆ ನಿಮ್ಮದನ್ನು ಹೋಲಿಸಿ. ಬಿಸಿಲೇ ಇಲ್ಲದ ಅಂಥ ದಿನ ಜಾಗದ ದೋಷಕ್ಕೆ ಅವಕಾಶವಿಲ್ಲ. ಆಗಲೂ ಎರಡು ಡಿಗ್ರಿ ಹೆಚ್ಚು ತೋರಿಸಿದರೆ ತಪ್ಪು ಸೆನ್ಸರಿನದು, ಅಷ್ಟನ್ನು ಸೆಟ್ಟಿಂಗಿನಲ್ಲಿ ಕಳೆಯಬಹುದು. ಮೋಡದ ದಿನ ಸರಿಯಿದ್ದು ಗಾಳಿಯಿಲ್ಲದ ಏಪ್ರಿಲ್ ಮಧ್ಯಾಹ್ನ ಮಾತ್ರ ಮೂರು ನಾಲ್ಕು ಡಿಗ್ರಿ ಮೇಲೆ ಹೋದರೆ ತಪ್ಪು ಜಾಗದ್ದು ಅಥವಾ ಕವಚದ್ದು. ಅದನ್ನು ಸೆಟ್ಟಿಂಗಿನಲ್ಲಿ ತಿದ್ದಲು ಹೋದರೆ ರಾತ್ರಿಯ ಅಂಕಿ ಕೆಡುತ್ತದೆ. ದಿನದ ರೇಖೆಯನ್ನು ನೋಡಿದರೂ ತಿಳಿಯುತ್ತದೆ: ಗಾಳಿಯ ಉಷ್ಣಾಂಶ ನಿಧಾನವಾಗಿ ಏರಿ ಮಧ್ಯಾಹ್ನ ಮೂರರ ಸುಮಾರಿಗೆ ತುದಿ ಮುಟ್ಟಬೇಕು. ಬೆಳಿಗ್ಗೆ ಒಂಬತ್ತಕ್ಕೆ ಏಕಾಏಕಿ ಮೇಲೆ ನೆಗೆದು ಹತ್ತೂವರೆಗೆ ಇಳಿದರೆ ಆ ಹೊತ್ತಿನಲ್ಲಿ ಎಲ್ಲಿಂದಲೋ ಬಿಸಿಲು ನೇರವಾಗಿ ಸೆನ್ಸರಿಗೆ ಬೀಳುತ್ತಿದೆ.

ಅಧಿಕೃತ ಅಂಕಿಯೊಂದಿಗೆ ಹೋಲಿಸುವಾಗ ದಿನ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ನೋಡಬೇಕು. ಮನೆಯ ಯಂತ್ರದ ದಿನ ಮಧ್ಯರಾತ್ರಿಗೆ ಮುಗಿಯುತ್ತದೆ. ಹವಾಮಾನ ಇಲಾಖೆ ಮಳೆಯ ಲೆಕ್ಕವನ್ನು ಬೆಳಿಗ್ಗೆ 8:30ಕ್ಕೆ ಮುಗಿಸುತ್ತದೆ. ನಿಮ್ಮ ಡೈರಿಯಲ್ಲೂ ಬೆಳಿಗ್ಗೆ 8:30 ಮತ್ತು ಸಂಜೆ 5:30 ಎಂಬ ಇಲಾಖೆಯ ಗಂಟೆಗಳನ್ನೇ ಇಟ್ಟುಕೊಂಡರೆ ಹೋಲಿಕೆ ಸುಲಭ, ವಾಯುಭಾರದ 24 ಗಂಟೆಗಳ ವ್ಯತ್ಯಾಸವೂ ತಾನಾಗಿ ಸಿಗುತ್ತದೆ.

ಎರಡನ್ನೂ ಒಟ್ಟಿಗೆ ಓದುವ ಹೊತ್ತು

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಉಷ್ಣಾಂಶ ಮತ್ತು ವಾಯುಭಾರ ಎರಡೂ ಒಮ್ಮೆಗೇ ಮಾತನಾಡುತ್ತವೆ. ಮೋಡದ ಹೊಟ್ಟೆಯಿಂದ ಮಳೆಯೊಂದಿಗೆ ತಣ್ಣನೆಯ ಗಾಳಿ ಕೆಳಗೆ ಸುರಿದು ನೆಲದ ಮೇಲೆ ಎಲ್ಲ ದಿಕ್ಕಿಗೂ ಹರಡುತ್ತದೆ. ಅದರ ಮುಂಚೂಣಿ ನಿಮ್ಮ ಊರನ್ನು ಮುಟ್ಟಿದಾಗ ಮೊದಲು ದೂಳು ಏಳುತ್ತದೆ, ಕೆಲವೇ ನಿಮಿಷಗಳಲ್ಲಿ ಉಷ್ಣಾಂಶ ಎಂಟು ಹತ್ತು ಡಿಗ್ರಿ ಕುಸಿಯುತ್ತದೆ. ಆದರೆ ವಾಯುಭಾರ ಇಳಿಯುವುದಿಲ್ಲ. ಒಂದೆರಡು ಹೆಕ್ಟೋಪ್ಯಾಸ್ಕಲ್ ಥಟ್ಟನೆ ಏರುತ್ತದೆ, ಏಕೆಂದರೆ ತಣ್ಣನೆಯ ಗಾಳಿ ಭಾರ. ಯಂತ್ರದ ಬಾಣ ಆಗ ಮೇಲ್ಮುಖವಾಗಿ ನಿಂತು ಬಿಸಿಲಿನ ಚಿತ್ರ ತೋರಿಸಿದರೂ ಆಶ್ಚರ್ಯವಿಲ್ಲ, ಹೊರಗೆ ಆಲಿಕಲ್ಲು ಬೀಳುತ್ತಿದ್ದರೂ. ಉಷ್ಣಾಂಶದ ರೇಖೆ ಕಡಿದುಬಿದ್ದಂತೆ ಇಳಿದು ಅದೇ ಕ್ಷಣ ವಾಯುಭಾರ ನೆಗೆದರೆ ಮಳೆ ಬಾಗಿಲಿಗೆ ಬಂದಿದೆ ಎಂದೇ ಅರ್ಥ.

ಒಣದ್ರಾಕ್ಷಿಯ ಶೆಡ್ಡಿಗೆ ಪರದೆ ಇಳಿಬಿಡಲು ಅದು ಕೊಡುವ ಸಮಯ ಬಹಳ ಕಡಿಮೆ. ಅದಕ್ಕಿಂತ ಮುಂಚಿನ ಸುಳಿವು ಬೇಕಾದವರು ಯಂತ್ರದ ಪರದೆಯಲ್ಲಿ ಇಬ್ಬನಿ ಬಿಂದು ಎಂಬ ಅಂಕಿಯಿದ್ದರೆ ಅದನ್ನು ನೋಡಬೇಕು. ಗಾಳಿಯಲ್ಲಿ ನೀರಾವಿ ಎಷ್ಟಿದೆ ಎಂಬುದನ್ನು ಅದು ಹೇಳುತ್ತದೆ. ಶೇಕಡಾ ತೇವಾಂಶದಂತೆ ಬಿಸಿಲು ಏರಿದ ಮಾತ್ರಕ್ಕೆ ಇಳಿಯುವುದಿಲ್ಲ. ಒಣಹವೆಯ ದಿನಗಳಲ್ಲಿ ಹತ್ತು ಡಿಗ್ರಿಯ ಆಚೀಚೆ ಇದ್ದದ್ದು ಒಂದೆರಡು ದಿನಗಳಲ್ಲಿ ಇಪ್ಪತ್ತರ ಹತ್ತಿರಕ್ಕೆ ಏರಿದರೆ ಗುಡುಗು ಮೋಡಕ್ಕೆ ಬೇಕಾದ ಸರಕು ಬಂದು ಸೇರಿದೆ. ಅಂದು ಸಂಜೆ ಮಳೆ ಬಂದೇ ಬರುತ್ತದೆ ಎಂದಲ್ಲ, ಆದರೆ ಶೆಡ್ಡಿನ ಬಳಿ ಯಾರಾದರೂ ಇರಬೇಕಾದ ದಿನ ಅದು.

ಸಿಡಿಲಿನ ವಿಷಯದಲ್ಲಿ ಮನೆಯ ಯಂತ್ರವನ್ನು ನೆಚ್ಚಬಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ದಾಮಿನಿ ಆ್ಯಪ್ ಸುತ್ತಲಿನ ಪ್ರದೇಶದಲ್ಲಿ ಎಲ್ಲಿ ಸಿಡಿಲು ಬೀಳುತ್ತಿದೆ ಎಂದು ತೋರಿಸುತ್ತದೆ, ಬೆಳಗಾವಿಯವರಿಗೆ ಗೋವಾದ ರಾಡಾರ್ ಚಿತ್ರವೂ ಸಿಗುತ್ತದೆ. ನೆರೆಯ ವಿಷಯವೂ ಹಾಗೆಯೇ. 2019ರ ಆಗಸ್ಟಿನಲ್ಲಿ ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಿಗೆ ನುಗ್ಗಿದ ನೀರಿನ ಬಹುಪಾಲು ಪಶ್ಚಿಮ ಘಟ್ಟದಲ್ಲಿ ಸುರಿದು ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳಲ್ಲಿ ಇಳಿದು ಬಂದದ್ದು. ನದಿದಂಡೆಯ ಮನೆಯ ಗೋಡೆಯ ಮೇಲಿನ ವಾಯುಭಾರಮಾಪಕ ತನ್ನ ತಲೆಯ ಮೇಲಿನ ಗಾಳಿಯನ್ನು ಮಾತ್ರ ತೂಗುತ್ತದೆ. ನೂರು ಮೈಲಿ ಆಚೆಯ ಮಳೆಯನ್ನು ತಿಳಿಯಲು ಜಲಾಶಯಗಳ ಹೊರಹರಿವಿನ ಅಂಕಿಗಳನ್ನೇ ನೋಡಬೇಕು.